ಕಾನೂನು ಶಾಲೆಯ ಅಂಗಳಕ್ಕೆ ಬರುವುದು ಯಾವ ದಾರಿಯಿಂದ?

“ದೇಶದ ಕಾನೂನುಗಳು ಪ್ರಾಥಮಿಕ ಶಿಕ್ಷಣವನ್ನು ನಿಜಕ್ಕೂ ರೂಪಿಸುತ್ತವೆಯೇ, ಇಲ್ಲ ಎಲ್ಲವೂ ಕಡತದಲ್ಲೇ ಉಳಿಯುತ್ತದೆಯೇ? ಶಾಲೆಯ ಒಳಗಿದ್ದವರು ಯಾರಾದರೂ ಹೇಳಿ” ಎಂದು ಕೇಳಿದ್ದೀರಿ. ನಾನು ಉಡುಪಿ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಮುಖ್ಯ ಶಿಕ್ಷಕಿಯಾಗಿ ನಿವೃತ್ತಳಾದವಳು.

ಖಂಡಿತ ರೂಪಿಸುತ್ತವೆ. ಆದರೆ ಸಭೆ ಸಮಾರಂಭಗಳಲ್ಲಿ ಹೇಳುವ ದೊಡ್ಡ ಮಾತುಗಳಿಗೆ ಅದರಲ್ಲಿ ಪಾಲು ಕಡಿಮೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಕೊನೆಯಲ್ಲಿ ಒಂದು ಪುಟ್ಟ ಅನುಸೂಚಿ ಇದೆ. ಎಷ್ಟು ಮಕ್ಕಳಿಗೆ ಎಷ್ಟು ಶಿಕ್ಷಕರು, ವರ್ಷಕ್ಕೆ ಎಷ್ಟು ದಿನ ಪಾಠ ಎಂಬ ಪಟ್ಟಿ. ಭಾಷಣ ಮಾಡುವವರು ಅದನ್ನು ತೆರೆದೂ ನೋಡುವುದಿಲ್ಲ. ಶಾಲೆ ನಡೆಯುವುದು ಮಾತ್ರ ಅದರ ಪ್ರಕಾರವೇ.

ನಮ್ಮ ಕರಾವಳಿಯ ಮಳೆ ರಜೆಯನ್ನೇ ತೆಗೆದುಕೊಳ್ಳಿ. ಜುಲೈಯಲ್ಲಿ ರೆಡ್ ಅಲರ್ಟ್ ಬಂದರೆ ಜಿಲ್ಲಾಧಿಕಾರಿಗಳು ರಜೆ ಸಾರುತ್ತಾರೆ, ಮಕ್ಕಳು ಕುಣಿಯುತ್ತಾರೆ. ಅನುಸೂಚಿ ಸುಮ್ಮನಿರುವುದಿಲ್ಲ. ಐದನೇ ತರಗತಿಯವರೆಗೆ ವರ್ಷಕ್ಕೆ 200 ದಿನ, ಆರರಿಂದ ಎಂಟಕ್ಕೆ 220 ದಿನ ಪಾಠ ನಡೆದಿರಬೇಕು. ಮಳೆ ಕಡಿಮೆಯಾದ ಮೇಲೆ ಶನಿವಾರ ಪೂರ್ತಿ ದಿನ ಶಾಲೆ ಇಟ್ಟು ಲೆಕ್ಕ ಸರಿದೂಗಿಸುತ್ತೇವೆ. “ಶನಿವಾರವೂ ಸಂಜೆಯವರೆಗೆ ಯಾಕೆ ಟೀಚರ್?” ಎಂದು ಗೇಟಿನ ಬಳಿ ಕೇಳುವ ತಾಯಂದಿರಿಗೆ ಸಂಸತ್ತಿನ ಕಾಯ್ದೆಯನ್ನು ವಿವರಿಸುತ್ತ ನಿಲ್ಲುವುದು ನನ್ನ ಕೆಲಸವಾಗಿತ್ತು.

ಶಿಕ್ಷಣದ ಈ ಹಕ್ಕು ನಮಗೆ ಸಿಕ್ಕಿದ್ದು ತೀರಾ ತಡವಾಗಿ. ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಹತ್ತು ವರ್ಷದೊಳಗೆ ಉಚಿತ ಶಿಕ್ಷಣ ಕೊಡಲು ಪ್ರಯತ್ನಿಸಬೇಕೆಂದು 1950ರ ಸಂವಿಧಾನ 45ನೇ ವಿಧಿಯಲ್ಲಿ ಹೇಳಿತ್ತು. ಅದು ನಿರ್ದೇಶಕ ತತ್ತ್ವವಾಗಿದ್ದರಿಂದ ನ್ಯಾಯಾಲಯದಲ್ಲಿ ಪಟ್ಟು ಹಿಡಿದು ಕೇಳುವಂತಿರಲಿಲ್ಲ. 1976ರ 42ನೇ ತಿದ್ದುಪಡಿ ಶಿಕ್ಷಣವನ್ನು ರಾಜ್ಯ ಪಟ್ಟಿಯಿಂದ, ಕೇಂದ್ರ ಮತ್ತು ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಗೆ ತಂದಿತು. ಇಡೀ ದೇಶಕ್ಕೆ ಒಂದೇ ಕಾಯ್ದೆ ಮಾಡಲು ದಾರಿಯಾದದ್ದು ಅದರಿಂದ. ಹದಿನಾಲ್ಕು ವರ್ಷದವರೆಗಿನ ಶಿಕ್ಷಣ ಮೂಲಭೂತ ಹಕ್ಕು ಎಂದ ಸುಪ್ರೀಂ ಕೋರ್ಟಿನ ಉನ್ನಿಕೃಷ್ಣನ್ ತೀರ್ಪು 1993ರಲ್ಲಿ, ಆ ಹಕ್ಕನ್ನು ಸಂವಿಧಾನದಲ್ಲೇ ಬರೆದ 21ಎ ವಿಧಿ 2002ರಲ್ಲಿ, ಕೊನೆಗೆ 2010ರ ಏಪ್ರಿಲ್ 1ರಿಂದ ಕಾಯ್ದೆ ಜಾರಿ. ಲೆಕ್ಕ ಹಾಕಿದರೆ ಅರವತ್ತು ವರ್ಷ.

ಅಷ್ಟು ಕಾಲ ನಮ್ಮ ಊರುಗಳು ಕಾಯುತ್ತ ಕೂತಿರಲಿಲ್ಲ ಎನ್ನುವುದನ್ನೂ ಹೇಳಬೇಕು. ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದದ್ದು 1892ರಲ್ಲಿ, ಮದರಾಸು ಪ್ರಾಂತ್ಯದ ಕಾಲದಲ್ಲಿ. ಕಿತ್ತಳೆ ಮಾರುತ್ತಿದ್ದ ಹರೇಕಳದ ಹಾಜಬ್ಬರು ನ್ಯೂಪಡ್ಪುವಿಗೆ ಶಾಲೆ ಬೇಕೆಂದು ಕಚೇರಿಗಳ ಮೆಟ್ಟಿಲು ಹತ್ತಿ ಇಳಿದದ್ದೂ ಈ ಕಾಯ್ದೆಗಿಂತ ಮೊದಲೇ. ಅವರು ಬೇಡಿ ಪಡೆಯಬೇಕಾಯಿತು. ಮನೆಯಿಂದ ಒಂದು ಕಿಲೋಮೀಟರಿನೊಳಗೆ ಕಿರಿಯ ಪ್ರಾಥಮಿಕ ಶಾಲೆ ಇರಬೇಕೆಂದು ಈಗ ರಾಜ್ಯದ ನಿಯಮವೇ ಹೇಳುತ್ತದೆ.

ಈ ಕಾಯ್ದೆ ಕಟ್ಟಿಹಾಕುವುದು ಸರ್ಕಾರವನ್ನು, ತಂದೆತಾಯಿಯನ್ನಲ್ಲ. ಮಗುವನ್ನು ಸೇರಿಸಿಕೊಳ್ಳುವುದು, ಅದು ದಿನವೂ ಬರುವಂತೆ ನೋಡಿಕೊಳ್ಳುವುದು, ಎಂಟನೇ ತರಗತಿ ಮುಗಿಸುವಂತೆ ಮಾಡುವುದು ಸರ್ಕಾರದ ಹೊಣೆ. ಪೋಷಕರ ಕರ್ತವ್ಯವೂ ಅದರಲ್ಲಿದೆ, ತಪ್ಪಿದರೆ ಅವರಿಗೆ ದಂಡವಿಲ್ಲ. ಅದೇ ಸರಿ ಎನ್ನುವವಳು ನಾನು. ಯಾಕೆಂದು ಹೇಳುತ್ತೇನೆ.

ಮಲ್ಪೆ ಬಂದರಿನ ಕೆಲಸಕ್ಕೆ ಉತ್ತರ ಕರ್ನಾಟಕದಿಂದ ಬರುವ ಕುಟುಂಬಗಳು ಶಾಲೆಯ ಕ್ಯಾಲೆಂಡರ್ ನೋಡಿ ಬರುವುದಿಲ್ಲ. ಒಂದು ನವೆಂಬರಿನಲ್ಲಿ ಕೊಪ್ಪಳ ಕಡೆಯ ತಾಯಿಯೊಬ್ಬಳು ಮಗಳನ್ನು ಕರೆದುಕೊಂಡು ಬಂದು ಬಾಗಿಲಲ್ಲಿ ನಿಂತಳು. ಹಿಂದಿನ ಶಾಲೆಯ ವರ್ಗಾವಣೆ ಪತ್ರ (ಟಿ.ಸಿ.) ಇಲ್ಲ, ಜನನ ಪ್ರಮಾಣಪತ್ರ ಇಲ್ಲ. ಬೇರೊಂದು ಶಾಲೆಯಲ್ಲಿ “ಜೂನ್‌ನಲ್ಲಿ ಬನ್ನಿ” ಎಂದು ಕಳುಹಿಸಿದ್ದರಂತೆ. “ಅಕ್ಕೋರೇ, ಊರಿಗೆ ಹೋಗಿ ಕಾಗದ ತರಬೇಕೆಂದರೆ ವಾರದ ಕೂಲಿ ಹೋಗುತ್ತದೆ” ಎಂದಳು. ತರಬೇಕಾಗಿರಲಿಲ್ಲ. ಟಿ.ಸಿ. ತಡವಾದರೆ ದಾಖಲಾತಿ ನಿಲ್ಲಿಸುವಂತಿಲ್ಲ ಎಂದು 5ನೇ ಸೆಕ್ಷನ್, ವಯಸ್ಸಿನ ದಾಖಲೆ ಇಲ್ಲವೆಂದು ನಿರಾಕರಿಸುವಂತಿಲ್ಲ ಎಂದು 14ನೇ ಸೆಕ್ಷನ್ ಹೇಳುತ್ತವೆ. ವರ್ಷದ ಮಧ್ಯೆ ಬಂದರೂ ಸೇರಿಸಿಕೊಳ್ಳಬೇಕು. ತಾಯಿಯಿಂದಲೇ ವಯಸ್ಸಿನ ಘೋಷಣೆ ಬರೆಸಿಕೊಂಡೆ, ಹೆಬ್ಬೆಟ್ಟು ಒತ್ತಿದಳು. ಒಂಬತ್ತು ವರ್ಷ, ಹಾಗಾಗಿ ನಾಲ್ಕನೇ ತರಗತಿ. ಹಿಂದಿನ ಪಾಠ ತುಂಬಿಕೊಡಲು ವಿಶೇಷ ತರಬೇತಿ ಕೊಡಬೇಕೆಂದು 4ನೇ ಸೆಕ್ಷನ್ ಹೇಳುತ್ತದೆ. ನಮ್ಮಲ್ಲಿ ಅದಕ್ಕೆ ಬೇರೆ ಶಿಕ್ಷಕರಿರಲಿಲ್ಲ, ಊಟದ ಬಿಡುವಿನ ನಂತರ ನಾನೇ ಕೂರಿಸಿಕೊಳ್ಳುತ್ತಿದ್ದೆ. ತಮಾಷೆಯೆಂದರೆ, ಮನೆಯಲ್ಲಿ ತುಳು, ಬ್ಯಾರಿ ಆಡುವ ನಮ್ಮ ಮಕ್ಕಳಿಗಿಂತ ಆ ಹುಡುಗಿಯ ಮಾತಿನ ಕನ್ನಡ ಎಷ್ಟೋ ಸರಾಗವಾಗಿತ್ತು. ಬರೆಯಲು ಮಾತ್ರ ಬಾರದು. ಆ ತಾಯಿಗೆ ದಂಡ ಹಾಕುವ ಕಾನೂನಿದ್ದರೆ ಅವಳು ಶಾಲೆಯ ದಿಕ್ಕಿಗೇ ತಲೆ ಹಾಕುತ್ತಿರಲಿಲ್ಲ.

ಇನ್ನು ಅದೇ ಅನುಸೂಚಿಯ ಕಹಿ ಭಾಗ. ಒಂದರಿಂದ ಐದನೇ ತರಗತಿಯವರೆಗೆ 60 ಮಕ್ಕಳವರೆಗೂ ಇಬ್ಬರು ಶಿಕ್ಷಕರು. 61 ಆದರೆ ಮೂವರು. 91 ಆದರೆ ನಾಲ್ವರು. ಕಾಯ್ದೆ ಬರೆದವರು ಕನಿಷ್ಠ ಇಷ್ಟಾದರೂ ಇರಲಿ ಎಂದು ಬರೆದರು. ಕಚೇರಿಗಳು ಅದನ್ನು ಇಷ್ಟೇ ಸಾಕು ಎಂದು ಓದಿಕೊಂಡವು. ಐದು ತರಗತಿ, ಇಬ್ಬರು ಶಿಕ್ಷಕರು, ಅವರಲ್ಲಿ ಒಬ್ಬರು ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವುದು, ಸಭೆ ಎಂದು ಅರ್ಧ ದಿನ ಇಲ್ಲ. ಒಂದರಿಂದ ಮೂರನೇ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸುವ ನಲಿ-ಕಲಿ ಇರುವುದರಿಂದ ಹೇಗೋ ಸಾಗುತ್ತದೆ. ಮಕ್ಕಳು ಕಡಿಮೆಯಾದರೆ ‘ಹೆಚ್ಚುವರಿ’ ಎಂಬ ಹಣೆಪಟ್ಟಿಯೊಂದಿಗೆ ಒಬ್ಬರ ವರ್ಗಾವಣೆ. ಶಿಕ್ಷಕರಿಲ್ಲವೆಂದು ಮತ್ತೆ ನಾಲ್ಕು ಮಕ್ಕಳು ಬಿಡುತ್ತಾರೆ. ಮೇ ತಿಂಗಳ ಬಿಸಿಲಿನಲ್ಲಿ ಶಿಕ್ಷಕರು ಮನೆಮನೆಗೆ ಹೋಗಿ ಮಕ್ಕಳನ್ನು ಕಳುಹಿಸಿ ಎಂದು ಕೇಳುವುದನ್ನು ನೀವು ನೋಡಿರಬಹುದು. ಆ ಓಡಾಟದ ಹಿಂದೆ ಇರುವುದು 61 ಎಂಬ ಆ ಸಂಖ್ಯೆ. ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ಹಳೆ ವಿದ್ಯಾರ್ಥಿ ಸಂಘಗಳು, ಮುಂಬಯಿಯಲ್ಲಿರುವ ಊರಿನವರು ಹಣ ಹಾಕಿ ಗೌರವ ಶಿಕ್ಷಕಿಯರನ್ನು ಇಟ್ಟುಕೊಡುವುದರಿಂದ ಎಷ್ಟೋ ಶಾಲೆಗಳು ಉಸಿರಾಡುತ್ತಿವೆ. ಯಾವ ಕಾಯ್ದೆಯಲ್ಲೂ ಅವರ ಹೆಸರಿಲ್ಲ.

ಸರ್ಕಾರಿ ಶಾಲೆ ಬಿಟ್ಟ ಮಕ್ಕಳು ಹೋದದ್ದು ಎಲ್ಲಿಗೆ? ಅಲ್ಲಿಯೂ ಕಾನೂನಿನ ಕೈ ಇದೆ. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಎರಡು ತೀರ್ಪು ಕೊಟ್ಟಿತು. ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಕಲಿಸಬೇಕೆಂಬ ಕರ್ನಾಟಕದ 1994ರ ಆದೇಶವನ್ನು ಖಾಸಗಿ ಶಾಲೆಗಳ ಮೇಲೆ ಹೇರುವಂತಿಲ್ಲ ಎಂದಿತು ಒಂದು. ಅಲ್ಪಸಂಖ್ಯಾತರ ಸಂಸ್ಥೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸುವುದಿಲ್ಲ ಎಂದಿತು ಇನ್ನೊಂದು. ಕ್ರೈಸ್ತರ, ಮುಸ್ಲಿಮರ, ಕೊಂಕಣಿ ಭಾಷಿಕರ ಸಂಸ್ಥೆಗಳು ದಂಡಿಯಾಗಿರುವ ಮಂಗಳೂರಿನಲ್ಲಿ ಈ ಎರಡನೆಯ ತೀರ್ಪಿನ ತೂಕ ಎಷ್ಟೆಂದು ಬೇರೆ ಹೇಳಬೇಕಿಲ್ಲ. 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿನದೇ ಮತ್ತೊಂದು ಪೀಠ ಅದು ಸರಿಯೇ ಎಂದು ಸಂಶಯಪಟ್ಟು ದೊಡ್ಡ ಪೀಠದ ಪರಿಶೀಲನೆಗೆ ಕಳುಹಿಸಿತು. 2025ರ ಅದೇ ತೀರ್ಪು, ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ ಶಿಕ್ಷಕರೂ ಎರಡು ವರ್ಷದೊಳಗೆ ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಪಾಸಾಗಬೇಕು ಎಂದದ್ದರಿಂದ ನನ್ನ ಕಿರಿಯ ಸಹೋದ್ಯೋಗಿಗಳು ಮಕ್ಕಳ ಜೊತೆ ತಾವೂ ಪುಸ್ತಕ ಹಿಡಿದಿದ್ದಾರೆ.

ಉಳಿದ ಖಾಸಗಿ ಶಾಲೆಗಳಲ್ಲಿ ಶೇಕಡಾ 25 ಸೀಟು ಬಡ ಹಾಗೂ ಹಿಂದುಳಿದ ಮಕ್ಕಳಿಗೆ ಮೀಸಲಿತ್ತು, ಶುಲ್ಕ ಸರ್ಕಾರ ಭರಿಸುತ್ತಿತ್ತು. 2019ರ ಆರಂಭದಲ್ಲಿ ನಮ್ಮ ರಾಜ್ಯ ನಿಯಮ ತಿದ್ದಿತು: ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆ ಈ ಸೀಟು ಕೊಡಬೇಕಿಲ್ಲ. ನಮ್ಮೂರಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇಲ್ಲದ ಜಾಗ ಹುಡುಕಬೇಕು. ಹೀಗಾಗಿ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿತು. ಸರ್ಕಾರಿ ಶಾಲೆಯವಳಾಗಿ ನನಗೆ ಖುಷಿಯಾಗಬೇಕಿತ್ತು. ಪೂರ್ತಿ ಆಗಲಿಲ್ಲ. ದುಡ್ಡಿದ್ದವರ ಆಯ್ಕೆ ಹಾಗೇ ಉಳಿಯಿತು, ಇಲ್ಲದವರದು ಮಾತ್ರ ಹೋಯಿತು. ಅದೇ ವರ್ಷ ಸರ್ಕಾರ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆಯಲು ಹೊರಟಿತು. ಅದಕ್ಕೆಂದು ಹೊಸ ಶಿಕ್ಷಕರನ್ನೂ ಕೊಟ್ಟಿದ್ದರೆ ನಾನು ಇನ್ನಷ್ಟು ಹೊಗಳುತ್ತಿದ್ದೆ.

ಫೇಲು ಮಾಡುವ, ಮಾಡದಿರುವ ಗದ್ದಲ ನನ್ನ ಮಟ್ಟಿಗೆ ಅತಿಯಾಯಿತು. 2019ರ ತಿದ್ದುಪಡಿಯ ನಂತರ ಐದು ಮತ್ತು ಎಂಟರಲ್ಲಿ ತಡೆಹಿಡಿಯಲು ರಾಜ್ಯಗಳಿಗೆ ಅವಕಾಶವಿದೆ. ಓದಲು ಬಾರದ ಮಗುವನ್ನು ಐದರಲ್ಲಿ ನಿಲ್ಲಿಸಿದರೆ ಓದು ಬರುವುದಿಲ್ಲ; ಎರಡನೇ ತರಗತಿಯಲ್ಲಿ ಒಬ್ಬ ಶಿಕ್ಷಕಿ ಇದ್ದರೆ ಬರುತ್ತದೆ.

ಕಾನೂನು ಕಡತದಲ್ಲೇ ಉಳಿಯುತ್ತದೆಯೇ ಎಂದಿರಿ. ಯಾರೂ ಕೇಳದಿದ್ದರೆ ಉಳಿಯುತ್ತದೆ. ದಾಖಲಾತಿ ನಿರಾಕರಿಸಿದರೆ, ಹೊಡೆದರೆ, ಸೇರಿಸಿಕೊಳ್ಳಲು ಡೊನೇಶನ್ ಕೇಳಿದರೆ ಫೋನಿನಲ್ಲಿ ಜಗಳ ಬೇಡ, ಬರೆದು ಕೊಡಿ. 32ನೇ ಸೆಕ್ಷನ್ ಪ್ರಕಾರ ಸ್ಥಳೀಯ ಪ್ರಾಧಿಕಾರ ಲಿಖಿತ ದೂರನ್ನು ಮೂರು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ತೃಪ್ತಿಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ಒಂದು ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೂ ಕೊಟ್ಟು, ನಿಮ್ಮ ಪ್ರತಿಯ ಮೇಲೆ ತಾರೀಖಿನ ಮೊಹರು ಹಾಕಿಸಿಕೊಳ್ಳಿ.