ನಿಮ್ಮ ಲೇಖನ ಒಂಬತ್ತನೇ ಪ್ಯಾರಾದಲ್ಲಿ ಶುರುವಾಗುತ್ತದೆ

ನಮಸ್ಕಾರ.

ಬಾಯಿ ಕ್ಯಾನ್ಸರ್‌ನಲ್ಲಿ ನಮ್ಮ ಹುಟ್ಟು ರೋಗನಿರೋಧಕ ಶಕ್ತಿಯ ಅಣುಗಳು ಏನು ಮಾಡುತ್ತವೆ ಅನ್ನುವ ನಿಮ್ಮ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡಿ ಅಂತಲೂ ಹೇಳುತ್ತಿಲ್ಲ. ಒಂಬತ್ತನೇ ಪ್ಯಾರಾದಲ್ಲಿ ನೀವೇ ಬರೆದಿದ್ದೀರಿ, ನಮ್ಮನ್ನು ಕಾಯುವ ಅಣುಗಳೇ ಕೆಲವೊಮ್ಮೆ ಗೆಡ್ಡೆ ಬೆಳೆಯಲು ನೆರವಾಗುತ್ತವೆ ಅಂತ. ಲೇಖನ ಇರುವುದೇ ಅಲ್ಲಿ. ಅಷ್ಟು ಹೇಳಿ ಮುಂದಿನ ಸಾಲಿಗೇ ಬೇರೆ ಕಡೆ ಹೋಗಿಬಿಟ್ಟಿರಿ.

ಅದಕ್ಕೂ ಮುಂಚಿನ ಎಂಟು ಪ್ಯಾರಾ ತೆಗೆಯಿರಿ. ಕ್ಯಾನ್ಸರ್ ಮಹಾಮಾರಿ, ದೇಹ ಕೋಟೆ, ಬಿಳಿ ರಕ್ತಕಣ ಸೈನಿಕ. ಈ ಹೋಲಿಕೆ ಹಳೆಯದು ಅನ್ನುವುದು ಹಾಗಿರಲಿ, ನಿಮ್ಮ ವಿಷಯಕ್ಕೇ ಅಡ್ಡ ಬರುತ್ತದೆ. ಸೈನಿಕ ಅಂದ ಕೂಡಲೇ ಓದುವವರು ಇವನು ನಮ್ಮವನು, ಅವನು ಶತ್ರು ಅಂತ ತೀರ್ಮಾನ ಮಾಡಿಬಿಡುತ್ತಾರೆ. ಇಲ್ಲಿ ಹಾಗಿಲ್ಲ ಅನ್ನುವುದೇ ನಿಮ್ಮ ಮಾತು ಅಲ್ವಾ?

ಸೂಕ್ಷ್ಮಾಣುಗಳ ಗುರುತು ಹಿಡಿಯುವ, ಮನುಷ್ಯರಲ್ಲಿರುವ 10 ಟೋಲ್-ಲೈಕ್ ರಿಸೆಪ್ಟರ್‌ಗಳ (ಟಿಎಲ್‌ಆರ್) ಪಟ್ಟಿ ಕೊಟ್ಟಿದ್ದೀರಿ. ಪಟ್ಟಿ ಸರಿಯಾಗೇ ಇದೆ, ಆದರೆ ಯಾರೂ ಓದುವುದಿಲ್ಲ. ಟಿಎಲ್‌ಆರ್-4 ಒಂದನ್ನೇ ಹಿಡಿದು ಅದರ ಹಿಂದೆ ಹೋಗಿ. ಕೆಲವು ಬ್ಯಾಕ್ಟೀರಿಯಾಗಳ ಹೊರಪದರದಲ್ಲಿ ಎಲ್‌ಪಿಎಸ್ ಎಂಬ ವಸ್ತು ಇರುತ್ತದೆ. ಟಿಎಲ್‌ಆರ್-4 ಅದನ್ನು ಗುರುತಿಸಿದರೆ ಕೋಶದೊಳಗೆ ಜೀನ್‌ಗಳನ್ನು ಚಾಲೂ ಮಾಡುವ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನ್ ಚುರುಕಾಗುತ್ತದೆ, ಐಎಲ್-6, ಐಎಲ್-8 ಮುಂತಾದ ಸಂದೇಶ ಒಯ್ಯುವ ಪ್ರೋಟೀನ್‌ಗಳು ಹೊರಗೆ ಬರುತ್ತವೆ, ಉರಿಯೂತ ಏಳುತ್ತದೆ, ಸೋಂಕು ಹೋದ ಮೇಲೆ ಎಲ್ಲ ತಣ್ಣಗಾಗುತ್ತದೆ. ತಣ್ಣಗಾಗದೇ ಹೋದರೆ? ವರ್ಷಗಟ್ಟಲೆ ಒಸಡು ಕೆಟ್ಟಿದೆ, ಕೆನ್ನೆಯೊಳಗೆ ದಿನವಿಡೀ ಗುಟ್ಕಾ ಇದೆ ಅಂದುಕೊಳ್ಳಿ. ಆಗ ಅದೇ ಐಎಲ್-6 ಸಾಯಬೇಕಾದ ಕೋಶಗಳನ್ನು ಬದುಕಿಸುತ್ತದೆ, ಐಎಲ್-8 ಹೊಸ ರಕ್ತನಾಳ ಬೆಳೆಯಲು ದಾರಿ ಮಾಡುತ್ತದೆ. ಜೊತೆಗೆ ಟಿಎಲ್‌ಆರ್-4 ಕ್ಯಾನ್ಸರ್ ಕೋಶಗಳ ಮೇಲೂ ಇರುತ್ತದೆ, ಬಾಯಿಯಲ್ಲಿ ಬ್ಯಾಕ್ಟೀರಿಯಾಗಳಿಗಂತೂ ಬರವಿಲ್ಲ. ಬೇರೆ ಅಂಗ ಬಿಟ್ಟು ಬಾಯಿಯ ಬಗ್ಗೆಯೇ ಯಾಕೆ ಬರೆಯಬೇಕು ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ, ನೀವು ಎಲ್ಲೂ ಹೇಳಿಲ್ಲ.

ಇದರ ಪಕ್ಕದಲ್ಲಿ ಡಿಫೆನ್ಸಿನ್‌ಗಳನ್ನು, ಅಂದರೆ ಸೂಕ್ಷ್ಮಾಣುಗಳನ್ನು ಕೊಲ್ಲುವ ಪುಟ್ಟ ಪ್ರೋಟೀನ್‌ಗಳನ್ನು ಇಡಿ. ಬಾಯಿ ಕ್ಯಾನ್ಸರ್‌ನಲ್ಲಿ ಬೀಟಾ-ಡಿಫೆನ್ಸಿನ್-1 ಕಡಿಮೆಯಾಗುತ್ತದೆ, ಬೀಟಾ-ಡಿಫೆನ್ಸಿನ್-3 ಜಾಸ್ತಿಯಾಗಿ ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಕೋಶಗಳನ್ನು ಗೆಡ್ಡೆಯತ್ತ ಕರೆಯುತ್ತದೆ. ಒಂದೇ ಕುಟುಂಬದ ಎರಡು ಅಣು, ನಡೆ ಬೇರೆ ಬೇರೆ. ಟಿಎಲ್‌ಆರ್-3 ಅನ್ನು ಕೆರಳಿಸಿದಾಗ ಕ್ಯಾನ್ಸರ್ ಕೋಶಗಳೇ ಸತ್ತ ಪ್ರಯೋಗಗಳೂ ಇವೆ, ಅದನ್ನೂ ಬಿಡಬೇಡಿ.

"ಸಾಬೀತಾಗಿದೆ" ಅಂತ ಸಿಕ್ಕಸಿಕ್ಕಲ್ಲಿ ಬರೆದಿದ್ದೀರಿ. ಎಲ್ಲಿ ಸಾಬೀತಾಯಿತು? ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶದಲ್ಲೋ, ಇಲಿಯಲ್ಲೋ, ರೋಗಿಯಲ್ಲೋ? ಒಸಡು ಕೆಡಿಸುವ ಪಾರ್ಫಿರೋಮೊನಾಸ್ ಜಿಂಜಿವಾಲಿಸ್ ಎಂಬ ಬ್ಯಾಕ್ಟೀರಿಯಾ ಗೆಡ್ಡೆಯಲ್ಲಿ ಸಿಕ್ಕಿತು ಅಂದಮಾತ್ರಕ್ಕೆ ಗೆಡ್ಡೆ ಬಂದಿದ್ದೇ ಅದರಿಂದ ಅಂತಾಗುವುದಿಲ್ಲ. ಗೆಡ್ಡೆ ಬಂದ ಮೇಲೆ ಅಲ್ಲಿ ವಾಸಕ್ಕೆ ಚೆನ್ನಾಗಿದೆ ಅಂತ ಬಂದು ಸೇರಿದ್ದರೂ ಸೇರಿರಬಹುದು.

ಈ ರಿಸೆಪ್ಟರ್‌ಗಳ ಸಂಶೋಧನೆಗೆ ಬಂದ 2011ರ ನೊಬೆಲ್‌ಗೆ ಒಂದು ಪುಟ ಬೇಡ. ಟೋಲ್ ಜೀನ್ ಕೆಟ್ಟಿದ್ದ ಹಣ್ಣಿನ ನೊಣಗಳು ಶಿಲೀಂಧ್ರ ತಗುಲಿ ಸತ್ತವು ಅಂತ ಜೂಲ್ಸ್ ಹಾಫ್‌ಮನ್ ತಂಡ 1996ರಲ್ಲಿ ತೋರಿಸಿತು, ಎರಡು ವರ್ಷಕ್ಕೆ ಬ್ರೂಸ್ ಬಾಯ್ಟ್ಲರ್ ಇಲಿಗಳಲ್ಲಿ ಎಲ್‌ಪಿಎಸ್ ಮತ್ತು ಟಿಎಲ್‌ಆರ್-4 ಸಂಬಂಧ ಕಂಡುಹಿಡಿದರು. ಅಷ್ಟು ಸಾಕು. ನೊಣ ಇರಲಿ, ಸಮಾರಂಭ ಬೇಡ.

ಇನ್ನೊಂದು, ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ತಂಬಾಕಿನ ಹೆಸರು ಪುಟಪುಟದಲ್ಲೂ ಇದೆ, ಅಡಿಕೆಯದ್ದು ಒಂದು ಕಡೆಯೂ ಇಲ್ಲ. ಮಲೆನಾಡಿನವರು ಅಂತ ಪತ್ರದಲ್ಲಿ ಹೇಳಿದ್ದೀರಿ, ಮನೆಯಲ್ಲಿ ತೋಟವೂ ಇರಬಹುದು, ಸಂಕೋಚ ಅರ್ಥವಾಗುತ್ತದೆ. ಆದರೆ ತಂಬಾಕು ಸೇರಿಸದಿದ್ದರೂ ಅಡಿಕೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ. ಬಾಯಿ ತೆರೆಯಲಾಗದ ಹಾಗೆ ಕೆನ್ನೆ ಬಿಗಿದುಕೊಳ್ಳುವ ಸಬ್‌ಮ್ಯೂಕಸ್ ಫೈಬ್ರೋಸಿಸ್‌ಗೂ ಮುಖ್ಯ ಕಾರಣ ಅಡಿಕೆಯೇ. ಜಗತ್ತಿನ ಬಾಯಿ ಕ್ಯಾನ್ಸರ್ ರೋಗಿಗಳಲ್ಲಿ ಸುಮಾರು ಮೂರರಲ್ಲೊಬ್ಬರು ಭಾರತದವರು. ದೇಶದಲ್ಲಿ ಅಡಿಕೆ ಅತಿ ಹೆಚ್ಚು ಬೆಳೆಯುವ ರಾಜ್ಯದಲ್ಲಿ ಕೂತು ಇದನ್ನು ಬರೆಯದೇ ಬಿಟ್ಟರೆ ಓದುವವರಿಗೆ ಗೊತ್ತಾಗದೇ ಇರುತ್ತದಾ? ಬೈಗುಳದ ಪತ್ರ ಬಂದರೆ ನನಗೆ ಬರಲಿ.

ಕೊನೆಯಲ್ಲಿ "ಇಮ್ಯೂನಿಟಿ ಹೆಚ್ಚಿಸಿಕೊಳ್ಳಿ, ಅರಿಶಿನದ ಹಾಲು ಕುಡಿಯಿರಿ" ಅಂದಿದ್ದೀರಿ. ಒಂಬತ್ತನೇ ಪ್ಯಾರಾ ಬರೆದವರು ಇದನ್ನು ಹೇಗೆ ಬರೆದಿರೋ! ಸುಮ್ನೆ ಹೆಚ್ಚಿಸಿದರೆ ಒಳ್ಳೆಯದಾಗುತ್ತದೆ ಅನ್ನುವ ನಂಬಿಕೆಯನ್ನೇ ಪ್ರಶ್ನೆ ಮಾಡುವ ಲೇಖನ ಇದು. ಅದರ ಬದಲು, ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ದಿನೇದಿನೇ ಕಡಿಮೆ ತೆರೆಯುವ ಬಾಯಿ, ಇವುಗಳಲ್ಲಿ ಯಾವುದಿದ್ದರೂ ದಂತವೈದ್ಯರ ಹತ್ತಿರ ಹೋಗಿ ಅಂತ ಬರೆಯಿರಿ.

1200 ಪದ ದಾಟದ ಹಾಗೆ ತಿದ್ದಿ ಕಳಿಸಿ. ಇಂಟರ್‌ನೆಟ್ಟಿಂದ ತೆಗೆದ ಆ ಬಣ್ಣದ ಚಿತ್ರ ನಾವು ಬಳಸುವ ಹಾಗಿಲ್ಲ. ನೀವೇ ಪೆನ್ಸಿಲ್‌ನಲ್ಲಿ ಬರೆದು ಫೋಟೋ ತೆಗೆದು ಕಳಿಸಿದರೂ ನಡೆಯುತ್ತದೆ.