ಕಥೆಗಾರರ ಸಂದರ್ಶನಕ್ಕೆ ಎಂಥ ಪ್ರಶ್ನೆಗಳು ಬೇಕು?

ಧಾರವಾಡದ ಹಿರಿಯ ಕಥೆಗಾರರೊಬ್ಬರನ್ನು ಕಾಲೇಜಿನ ವಾರ್ಷಿಕ ಸಂಚಿಕೆಗಾಗಿ ಮಾತನಾಡಿಸಬೇಕಿದೆ, ಏನು ಕೇಳಲಿ ಎಂದಿದ್ದೀರಿ. ಮೊದಲು ‘ಬರೆಯಲು ನಿಮಗೆ ಪ್ರೇರಣೆ ಯಾರು?’ ಎಂಬುದನ್ನು ಹೊಡೆದುಹಾಕಿ. ಆ ಉತ್ತರ ಅವರಿಗೆ ಬಾಯಿಪಾಠವಾಗಿರುತ್ತದೆ.

ಅವರ ಎರಡು ಕಥೆಗಳನ್ನಾದರೂ ಪೆನ್ಸಿಲ್ ಹಿಡಿದು ಓದಿ. ನೀವು ತಡೆದು ನಿಂತ ಸಾಲಿನಲ್ಲೇ ಪ್ರಶ್ನೆ ಇರುತ್ತದೆ. ‘ಪಾತ್ರಗಳು ಧಾರವಾಡದ ಕನ್ನಡ ಆಡುತ್ತವೆ, ನಿರೂಪಕ ಮಾತ್ರ ಗ್ರಾಂಥಿಕ ಕನ್ನಡ ಆಡುತ್ತಾನೆ, ಏಕೆ?’ ‘ಮೊದಲ ಕರಡಿನಲ್ಲಿದ್ದು ಕೊನೆಗೆ ಬಿಟ್ಟ ಭಾಗ ಯಾವುದು?’ ಇಂಥವನ್ನು ಹೌದು, ಅಲ್ಲ ಎಂದು ಮುಗಿಸಲಾಗದು. ಊರಿನ ಬಗ್ಗೆಯೂ ಕೇಳಿ, ಆದರೆ ‘ಇಲ್ಲಿನ ಮಳೆ ಇಷ್ಟವೇ?’ ಎಂದಲ್ಲ. (ಪೇಢೆಯ ಪ್ರಶ್ನೆಯಂತೂ ಬೇಡವೇ ಬೇಡ.) 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದ ವೇದಿಕೆಯಲ್ಲಿ ಅವರು ಕಥೆ ಓದಿದ್ದರೆ, ಕೇಳುಗರ ಮುಖ ನೋಡಿ ಯಾವ ವಾಕ್ಯ ತಿದ್ದಿದಿರಿ ಎಂದು ಕೇಳಿ.

ಏಳೆಂಟು ಪ್ರಶ್ನೆ ಸಾಕು. ನಾನೊಮ್ಮೆ ಇಪ್ಪತ್ತೈದು ಬರೆದುಕೊಂಡು ಹೋಗಿದ್ದೆ. ಮೂರನೆಯದಕ್ಕೆ ಲೇಖಕರು ತಮ್ಮ ತಾಯಿಯ ಬೀಸುಕಲ್ಲಿನ ಹಾಡಿನತ್ತ ಹೊರಳಿದರು. ನಾನು ಪೆದ್ದನಂತೆ ನಾಲ್ಕನೆಯದನ್ನು ಓದಿದೆ. ಆ ಹಾಡು ಮತ್ತೆ ಬರಲಿಲ್ಲ.

ಪ್ರಶಸ್ತಿ, ಸಮಕಾಲೀನರ ಕುರಿತು ಕೆಣಕುವ ಪ್ರಶ್ನೆಗಳಿದ್ದರೆ ಚಹಾ ಮುಗಿದ ಮೇಲೆ ಕೇಳಿ.