ನಲವತ್ತು ಸಾವಿರ ಓಡಿದ ಕಾರಿಗೆ ಹೊಸ ಸ್ಪಾರ್ಕ್ ಪ್ಲಗ್ ಬೇಕೇ?

ಪೆಟ್ರೋಲ್ ಕಾರು 40,000 ಕಿಲೋಮೀಟರ್ ಓಡಿದೆ, ಬೆಳಿಗ್ಗೆ ನಡುಗುತ್ತದೆ, ಪ್ಲಗ್ ಬದಲಿಸಬೇಕೇ ಎಂದಿದ್ದೀರಿ. ಸಾಮಾನ್ಯ ನಿಕಲ್ ಪ್ಲಗ್ ಆಗಿದ್ದರೆ ಬದಲಿಸಿಬಿಡಿ. ಇರಿಡಿಯಂ ಆದರೆ ಸಾಮಾನ್ಯವಾಗಿ ಲಕ್ಷದ ಹತ್ತಿರ ಬಾಳುತ್ತದೆ. ಹಾಗಿದ್ದರೆ ಮೊದಲು ಪ್ಲಗ್‌ಗೆ ಕಿಡಿಯ ವಿದ್ಯುತ್ ಕೊಡುವ ಇಗ್ನಿಷನ್ ಕಾಯಿಲ್ ಪರೀಕ್ಷಿಸಿ. ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತಲ್ಲೇ ಎಂಜಿನ್ ಓಡುವ ಹೊತ್ತು ಕಿಲೋಮೀಟರ್ ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ಕೈಪಿಡಿ ಹೇಳಿದ್ದಕ್ಕಿಂತ ತುಸು ಮೊದಲೇ ಬಿಚ್ಚಿ ನೋಡುವುದು ಜಾಣತನ. ತುದಿ ತಿಳಿಗಂದು ಬಣ್ಣವಿದ್ದರೆ ಚಿಂತೆಯಿಲ್ಲ. ಎಣ್ಣೆ ಮೆತ್ತಿದ್ದರೆ ಹೊಸ ಪ್ಲಗ್ ಹಾಕಿಯೂ ಪ್ರಯೋಜನವಿಲ್ಲ, ಸೋರಿಕೆಯನ್ನು ಹುಡುಕಬೇಕು.

ನೀವೇ ಬದಲಿಸುವುದಾದರೆ ಎಂಜಿನ್ ಪೂರ್ತಿ ತಣ್ಣಗಾಗಿರಲಿ. ಸುತ್ತಲಿನ ದೂಳನ್ನು (ನಮ್ಮೂರಿನಲ್ಲಿ ಅದಕ್ಕೇನು ಬರವೇ!) ಊದಿ ತೆಗೆದು ಆಮೇಲೆ ಬಿಚ್ಚಿ. ಹೊಸದನ್ನು ಮೊದಲು ಕೈಯಿಂದಲೇ ತಿರುಗಿಸಿ ಕೂರಿಸಿ. ಅಡ್ಡಾದಿಡ್ಡಿ ಹೋದರೆ ಎಂಜಿನ್‌ನ ಅಲ್ಯೂಮಿನಿಯಂ ಹೆಡ್‌ನ ಥ್ರೆಡ್ ಹಾಳಾಗುತ್ತದೆ. ಕೊನೆಯ ಬಿಗಿತಕ್ಕೆ ಟಾರ್ಕ್ ರೆಂಚ್ (ಅಳತೆಯಷ್ಟೇ ಬಿಗಿಮಾಡುವ ಸ್ಪ್ಯಾನರ್) ಬಳಸಿ. ಜೆ.ಸಿ. ರಸ್ತೆಯಲ್ಲಿ ಪ್ಲಗ್ ಕೊಳ್ಳುವಾಗ ಹಳೆಯದರ ಮೇಲಿನ ಸಂಖ್ಯೆಯನ್ನು ತೋರಿಸಿ. ಅನುಮಾನ ಬರುವಷ್ಟು ಅಗ್ಗವಾಗಿ ಸಿಕ್ಕರೆ ಬಿಟ್ಟುಬಿಡಿ.